ಹವ್ಯಾಸಿಗಳ ಕೂಟ ಮತ್ತು ವಿಷಯದ ಆಯ್ಕೆ

ಸಂಘವೊಂದನ್ನು ಹುಟ್ಟಿಸುವುದು ಸುಲಭ. ಅದರ ಮೂರನೆಯ ಸಭೆಯನ್ನು ಕೂಡಿಸುವುದು ಕಷ್ಟ. ಪ್ರಾರಂಭೋತ್ಸವದ ದಿನ ಹಾರ ತುರಾಯಿ, ಅಧ್ಯಕ್ಷ ಭಾಷಣ, ವಂದನಾರ್ಪಣೆ ಎಲ್ಲವೂ ಸಾಂಗವಾಗಿ ನೆರವೇರುತ್ತವೆ; ಬೆಂಚುಗಳು ತುಂಬಿ ಹಿಂದಿನ ಗೋಡೆಗೆ ಒರಗಿ ನಿಂತವರೂ ಇರುತ್ತಾರೆ. ಎರಡನೆಯ ಸಭೆಗೆ ಅರ್ಧ ಜನ. ಮೂರನೆಯದಕ್ಕೆ ಕಾರ್ಯದರ್ಶಿ, ಆತನ ಕೊಠಡಿಯ ಜೊತೆಗಾರ, ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಬಂದು ಕುಳಿತ ಇಬ್ಬರು, ಇಷ್ಟೇ. ನಮ್ಮ ಕಾಲೇಜಿನ ಸಂಘಗಳ ಚರಿತ್ರೆಯನ್ನು ಬಲ್ಲ ಅಧ್ಯಾಪಕ ವರ್ಗಕ್ಕೆ ಇದು ಹೊಸ ಮಾತೇನೂ ಅಲ್ಲ. ಜನ ಬಾರದಿದ್ದಾಗ ವಿದ್ಯಾರ್ಥಿಗಳ ನಿರುತ್ಸಾಹವನ್ನು ದೂರುವುದು ವಾಡಿಕೆ. ನನಗೆ ತೋರುವಂತೆ ಕಾರಣವಿರುವುದು ಬೇರೆ ಕಡೆ: ಸಭೆಗೆ ವಿಷಯವನ್ನು ಆರಿಸುವ ಕ್ರಮದಲ್ಲಿ.

ಎಲ್ಲ ಸಂಘಗಳ ಮಾತನ್ನೂ ಇಲ್ಲಿ ಎತ್ತುವುದಿಲ್ಲ. ಸಾಹಿತ್ಯ ಸಂಘಕ್ಕೂ ಚರ್ಚಾಕೂಟಕ್ಕೂ ಅವುಗಳದೇ ಆದ ಸಂಪ್ರದಾಯವಿದೆ. ರೇಡಿಯೋ, ಕಂಪ್ಯೂಟರು, ವಿದ್ಯುನ್ಮಾನ ಉಪಕರಣಗಳು ಮೊದಲಾದವನ್ನು ಹೊಟ್ಟೆಪಾಡಿಗಲ್ಲದೆ ಪ್ರೀತಿಯಿಂದ ಬಿಚ್ಚಿ, ಜೋಡಿಸಿ, ನಡೆಸಿ ನೋಡುವವರ ಸಂಘಗಳನ್ನು ಕುರಿತಷ್ಟೇ ನನ್ನ ಮಾತು. ಅಂಥದೊಂದು ಕೂಟ ನಮ್ಮಲ್ಲಿಯೂ ಎರಡು ವರ್ಷಗಳಿಂದ ಅಷ್ಟಿಷ್ಟು ನಡೆದುಬಂದಿದೆ. ಮುಂದಿನ ವರ್ಷ ನಾವು ಇರುವುದಿಲ್ಲವಾದ್ದರಿಂದ, ಅದನ್ನು ವಹಿಸಿಕೊಳ್ಳುವ ಕಿರಿಯ ಮಿತ್ರರ ಉಪಯೋಗಕ್ಕೆಂದು ಈ ವಿಷಯದಲ್ಲಿ ಓದಿ ತಿಳಿದುದನ್ನೂ ಕಂಡುದನ್ನೂ ಒಂದೆಡೆ ಬರೆದಿಡುತ್ತಿದ್ದೇನೆ.

ಇತಿಹಾಸ, ಕನ್ನಡ, ಅರ್ಥಶಾಸ್ತ್ರಗಳನ್ನು ಓದುವವರಿಗೆ ಈ ತಂತಿ, ಬೆಸುಗೆಗಳ ಗೊಡವೆ ಏಕೆಂದು ಕೆಲವರು ಕೇಳುವುದುಂಟು. ಅವರಿಗೆ ಮೈಸೂರಿನ ಒಂದು ಸಂಗತಿಯನ್ನು ನೆನಪಿಸಿದರೆ ಸಾಕು. 1935ರಲ್ಲಿ ಅಲ್ಲಿ 30 ವ್ಯಾಟ್ ಸಾಮರ್ಥ್ಯದ ಪುಟ್ಟ ಪ್ರೇಷಕ ಯಂತ್ರವೊಂದನ್ನು ತಮ್ಮ ಮನೆಯಲ್ಲಿಯೇ ಸ್ಥಾಪಿಸಿ ಬಾನುಲಿ ಪ್ರಸಾರ ಆರಂಭಿಸಿದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಇಂಜಿನಿಯರರಲ್ಲ; ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಇಡೀ ಭಾರತದ ಬಾನುಲಿಗೆ ಹೆಸರಾಗಿ ನಿಂತ ‘ಆಕಾಶವಾಣಿ’ ಎಂಬ ಮಾತು ಮೊದಲು ಬಳಕೆಗೆ ಬಂದುದು ಆ ಮನೆಯ ಕೇಂದ್ರದಿಂದಲೇ. ಆ ಯಂತ್ರದಿಂದ ಏನನ್ನು ಕೇಳಿಸಬೇಕು, ಯಾರಿಗೆ ಕೇಳಿಸಬೇಕು ಎಂಬ ಪ್ರಶ್ನೆ ತಂತಿಯಿಂದ ಬಗೆಹರಿಯುವಂಥದಲ್ಲ. ಅದು ಕಲಾ ವಿಭಾಗದವರ ಪ್ರಶ್ನೆಯೇ ಸರಿ.

ಆದರೆ ಮೈಸೂರಿನ ಉದಾಹರಣೆ ಒಬ್ಬ ಸಮರ್ಥ ವ್ಯಕ್ತಿಯದು. ಹಲವರು ಕೂಡಿದ ಸಂಘವು ತನ್ನ ವಿಷಯವನ್ನು ಹೇಗೆ ಕಂಡುಕೊಳ್ಳುತ್ತದೆಂಬುದನ್ನು ನೋಡಬೇಕಾದರೆ ನಾವು ದೂರದ ಅಮೆರಿಕಕ್ಕೆ, ಕ್ಯಾಲಿಫೋರ್ನಿಯಾ ಪ್ರಾಂತದ ಮೆನ್ಲೋ ಪಾರ್ಕ್ ಎಂಬ ಊರಿಗೆ ಹೋಗಬೇಕಾಗುತ್ತದೆ. ಅಲ್ಲಿ 1975ರಲ್ಲಿ ಹುಟ್ಟಿದ ‘ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್’ ಎಂಬ ಸಂಘದ ಕಥೆಯನ್ನು ಕೊಂಚ ವಿಸ್ತಾರವಾಗಿ ಹೇಳುವುದು ಅವಶ್ಯ. ಹೋಮ್‌ಬ್ರೂ ಎಂದರೆ ಮನೆಯಲ್ಲೇ ಕಾಸಿದ ಪಾನೀಯ. ಅಂಗಡಿಯಿಂದ ತಂದುದಲ್ಲ, ನಾವೇ ಮಾಡಿಕೊಂಡದ್ದು ಎಂಬ ಅಭಿಮಾನ ಆ ಹೆಸರಿನಲ್ಲಿದೆ.

ಆ ವರ್ಷದ ಜನವರಿಯ ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ ಪತ್ರಿಕೆಯ ಮುಖಪುಟದಲ್ಲಿ ‘ಆಲ್ಟೇರ್ 8800’ ಎಂಬ ಯಂತ್ರದ ಚಿತ್ರ ಬಂದಿತು. ನ್ಯೂ ಮೆಕ್ಸಿಕೋ ಪ್ರಾಂತದ ಆಲ್ಬುಕರ್ಕಿಯ ಸಣ್ಣ ಕಂಪನಿಯೊಂದು ಸುಮಾರು 400 ಡಾಲರುಗಳಿಗೆ ಇದರ ಬಿಡಿಭಾಗಗಳನ್ನು ಟಪಾಲಿನಲ್ಲಿ ಕಳುಹಿಸುತ್ತಿತ್ತು. ಜೋಡಿಸಿಕೊಳ್ಳುವುದು ಕೊಂಡವರ ಪಾಡು. ಜೋಡಿಸಿದ ಮೇಲೂ ಅದಕ್ಕೆ ಕೀಲಿಮಣೆಯಿಲ್ಲ, ಪರದೆಯಿಲ್ಲ. ಮುಂಭಾಗದಲ್ಲಿ ಒಂದು ಸಾಲು ಗುಂಡಿಗಳು, ಮಿನುಗುವ ಕೆಂಪು ದೀಪಗಳು. ಅದರ ಸ್ಮರಣಶಕ್ತಿ 256 ಬೈಟುಗಳು; ನಾಲ್ಕು ಸಾಲಿನ ಒಂದು ಕಾಗದವನ್ನು ಅದರಲ್ಲಿ ತುಂಬುವುದೂ ಕಷ್ಟ. ಇಂಥ ಪೆಟ್ಟಿಗೆಯನ್ನು ಇಟ್ಟುಕೊಂಡು ಮಾಡುವುದೇನು? ಹೇಳುವವರಿರಲಿಲ್ಲ. ಕಂಪ್ಯೂಟರೆಂದರೆ ದೊಡ್ಡ ಸಂಸ್ಥೆಗಳ ತಂಪುಗೋಣೆಯಲ್ಲಿರುವ ವಸ್ತುವೆಂದೇ ಜನ ತಿಳಿದಿದ್ದ ಕಾಲ ಅದು.

ಸಂಘದ ಕರೆಯೋಲೆಯನ್ನು ಹಂಚಿದವರಲ್ಲಿ ಮುಖ್ಯರಾದ ಫ್ರೆಡ್ ಮೂರ್ ಎಂಬುವರು ತಂತ್ರಜ್ಞರಲ್ಲವೆಂಬುದನ್ನು ನಮ್ಮವರು ಗಮನಿಸಬೇಕು. ಯುದ್ಧವಿರೋಧಿ ಚಳವಳಿಯಲ್ಲಿ ತೊಡಗಿದ್ದವರು. 1959ರಲ್ಲಿ ಬರ್ಕ್‌ಲಿ ವಿಶ್ವವಿದ್ಯಾನಿಲಯದಲ್ಲಿ ಕಡ್ಡಾಯ ಸೈನಿಕ ಶಿಕ್ಷಣವನ್ನು ಪ್ರತಿಭಟಿಸಿ ಉಪವಾಸ ಕುಳಿತವರು. ಯಂತ್ರಕ್ಕಿಂತ ಜನ ಒಬ್ಬರಿಗೊಬ್ಬರು ಗೊತ್ತಾಗಬೇಕೆಂಬುದೇ ಅವರ ಹಂಬಲ. 1975ರ ಮಾರ್ಚಿ 5ರಂದು ಗಾರ್ಡನ್ ಫ್ರೆಂಚ್ ಎಂಬುವರ ಮನೆಯ ಕಾರು ನಿಲ್ಲಿಸುವ ಷೆಡ್ಡಿನಲ್ಲಿ ಮೊದಲ ಸಭೆ ಸೇರಿತು. ಬಂದವರು 32 ಮಂದಿ. ಅಧ್ಯಕ್ಷ ಭಾಷಣವಿರಲಿಲ್ಲ. ಪ್ರತಿಯೊಬ್ಬರೂ ತಮ್ಮ ಪರಿಚಯ ಹೇಳಿಕೊಂಡರು. ಮನೆಯಲ್ಲೊಂದು ಕಂಪ್ಯೂಟರಿದ್ದರೆ ಅದರಿಂದ ಏನು ಮಾಡುವಿರಿ ಎಂಬ ಪ್ರಶ್ನೆಗೆ ಉತ್ತರ ಕೊಟ್ಟರು. ಒಬ್ಬರಿಗೆ ಬರಹ ತಿದ್ದಲು ಬೇಕು, ಮತ್ತೊಬ್ಬರಿಗೆ ತೋಟಕ್ಕೆ ನೀರು ಬಿಡಲು, ಇನ್ನೊಬ್ಬರಿಗೆ ಸಂಗೀತಕ್ಕೆ, ಹಲವರಿಗೆ ಆಟಕ್ಕೆ. ನೆರೆಹೊರೆಯವರ ಮಾಹಿತಿಯನ್ನು ಒಂದೆಡೆ ಕೂಡಿಡಲು ಬೇಕೆಂದವರೂ ಇದ್ದರು. ಮೂರ್ ಅವರು ಇದೆಲ್ಲವನ್ನೂ ಬರೆದುಕೊಂಡು, ಹತ್ತು ದಿನಗಳೊಳಗೆ ಸಂಘದ ಮೊದಲ ವಾರ್ತಾಪತ್ರದಲ್ಲಿ ಅಚ್ಚುಮಾಡಿ ಹಂಚಿದರು. ಮುಂದಿನ ಹತ್ತಾರು ಸಭೆಗಳ ವಿಷಯಪಟ್ಟಿ ಆ ಒಂದು ಸಂಜೆಯಲ್ಲೇ ಸಿದ್ಧವಾಗಿತ್ತೆನ್ನಬಹುದು. ಅದನ್ನು ಯಾರೂ ಕುಳಿತು ರಚಿಸಲಿಲ್ಲ, ಕೇಳಿದರು, ಬಂದಿತು.

ಏಪ್ರಿಲಿನ ಒಂದು ಸಭೆಯ ವಿಚಾರ ಇನ್ನೂ ಸ್ವಾರಸ್ಯವಾದುದು. ಸ್ಟೀವ್ ಡಾಂಪಿಯರ್ ಎಂಬ ಸದಸ್ಯ ತನ್ನ ಆಲ್ಟೇರನ್ನು ಹೊತ್ತು ತಂದ. ಮನೆಯಲ್ಲಿ ಅದು ನಡೆಯುತ್ತಿದ್ದಾಗ ಪಕ್ಕದಲ್ಲಿದ್ದ ರೇಡಿಯೋದಲ್ಲಿ ವಿಚಿತ್ರವಾದ ಸದ್ದು ಕೇಳಿಬಂದಿತ್ತಂತೆ. ಯಂತ್ರದೊಳಗಿನ ವಿದ್ಯುತ್ ಸ್ಪಂದನಗಳು ಸುತ್ತಲೂ ಕ್ಷೀಣವಾದ ರೇಡಿಯೋ ಅಲೆಗಳನ್ನು ಚೆಲ್ಲುತ್ತವೆ. ಸಾಮಾನ್ಯರಿಗೆ ಅದು ತೊಂದರೆ. ಈತನಾದರೋ ಯಾವ ಆವರ್ತನ ಎಷ್ಟು ಸಲ ಸುತ್ತಿದರೆ ಯಾವ ಸ್ವರ ಹೊರಡುತ್ತದೆಂದು ಲೆಕ್ಕ ಹಾಕಿ, ಗುಂಡಿಗಳನ್ನು ಒಂದೊಂದಾಗಿ ಅದುಮಿ ಕ್ರಮವಿಧಿಯನ್ನು ತುಂಬಿದ. ನಡುವೆ ಯಾರೋ ತಂತಿ ಎಡವಿ ವಿದ್ಯುತ್ತು ಹೋಗಿ ಎಲ್ಲವೂ ಅಳಿಸಿಹೋಯಿತು. ಮತ್ತೆ ಮೊದಲಿನಿಂದ ತುಂಬಿದ. ಕೊನೆಗೆ ಯಂತ್ರದ ಮೇಲಿಟ್ಟಿದ್ದ ಚಿಕ್ಕ ರೇಡಿಯೋದಿಂದ ಬೀಟಲ್ಸರ ಹಾಡೊಂದರ ಸ್ವರ ಕೇಳಿಬಂದಾಗ ಸಭೆಯೆಲ್ಲ ಎದ್ದುನಿಂತು ಕೈ ತಟ್ಟಿತು. ಪರದೆಯಿಲ್ಲದ, ಬಾಯಿಲ್ಲದ ಯಂತ್ರ ಹಾಡಿತು! ಇದಕ್ಕೆ ಮುಂಚಿತವಾಗಿ ‘ಕಂಪ್ಯೂಟರ್ ಮತ್ತು ಸಂಗೀತ’ ಎಂದು ಯಾರಾದರೂ ಉಪನ್ಯಾಸ ಏರ್ಪಡಿಸಿದ್ದರೆ ಇಂಥದು ನಡೆಯುತ್ತಿತ್ತೇ ಎಂಬುದು ನನ್ನ ಸಂದೇಹ.

ಸಂಘ ಬೆಳೆದು ಸ್ಟ್ಯಾನ್‌ಫರ್ಡಿನ ರೇಖೀಯ ವೇಗವರ್ಧಕ ಕೇಂದ್ರದ ಸಭಾಭವನಕ್ಕೆ ಸ್ಥಳ ಬದಲಾಯಿಸಿದ ಮೇಲೆ ನೂರಾರು ಜನ ಬರತೊಡಗಿದರು. ಷೆಡ್ಡಿನ ಸಲಿಗೆ ಸಭಾಭವನದಲ್ಲಿ ಉಳಿಯುವುದು ಹೇಗೆ? ಸಭೆಯನ್ನು ನಡೆಸುತ್ತಿದ್ದ ಲೀ ಫೆಲ್ಸೆನ್‌ಸ್ಟೀನ್ ಇದಕ್ಕೊಂದು ಉಪಾಯ ಮಾಡಿದರು. ಸಭೆಯ ಮೊದಲ ಭಾಗವನ್ನು ಅವರು ‘ನಕ್ಷೆ ಬಿಡಿಸುವುದು’ ಎಂದು ಕರೆಯುತ್ತಿದ್ದರು. ಕೈಯಲ್ಲೊಂದು ಉದ್ದನೆಯ ಕೋಲು. ಅವರು ತೋರಿಸಿದವರು ಎದ್ದು, ತಮ್ಮಲ್ಲಿರುವುದೇನು, ಬೇಕಾದುದೇನು, ಎಲ್ಲಿ ತೊಡಕಿದೆ, ಏನು ಸುದ್ದಿ ಕೇಳಿದೆ ಎಂಬುದನ್ನು ಚುಟುಕಾಗಿ ಹೇಳಿ ಕುಳಿತುಬಿಡಬೇಕು. ಅಲ್ಲಿ ಉದ್ದನೆಯ ಚರ್ಚೆಗೆ ಎಡೆಯಿಲ್ಲ. ಬಳಿಕ ಯಾರಾದರೂ ತಾವು ಮಾಡಿದ್ದನ್ನು ಪ್ರದರ್ಶಿಸುವುದು. ಕೊನೆಯ ಭಾಗಕ್ಕೆ ‘ಯಾದೃಚ್ಛಿಕ ಸಂಪರ್ಕ’ ಎಂದು ಕಂಪ್ಯೂಟರ್ ಸ್ಮರಣೆಯ ಪರಿಭಾಷೆಯಿಂದಲೇ ಎರವಲು ತಂದ ಹೆಸರು: ಎಲ್ಲರೂ ಎದ್ದು, ಮೊದಲ ಭಾಗದಲ್ಲಿ ಯಾರ ಮಾತು ತಮಗೆ ಹಿಡಿಸಿತ್ತೋ ಅವರನ್ನು ಹುಡುಕಿಕೊಂಡು ಹೋಗುವುದು. ಗುಂಪುಗುಂಪಾಗಿ ಮಾತು, ಬಿಡಿಭಾಗಗಳ ವಿನಿಮಯ, ಸಂಘ ಮುಗಿದ ಮೇಲೆ ಹತ್ತಿರದ ಹೋಟೆಲಿನಲ್ಲಿ ಮುಂದುವರಿಕೆ.

ಈ ಕ್ರಮದ ಬೆಲೆಯನ್ನು ತಿಳಿಯಬೇಕಾದರೆ ಸ್ಟೀವ್ ವೋಜ್ನಿಯಾಕ್ ಅವರನ್ನು ನೋಡಬೇಕು. ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯಲ್ಲಿ ಕೆಲಸಕ್ಕಿದ್ದ ಈ ತರುಣ ಬಹಳ ಸಂಕೋಚದ ಸ್ವಭಾವದವರು. ಸಭೆಯಲ್ಲಿ ಎದ್ದು ಮಾತನಾಡುವವರಲ್ಲ. ಮೊದಲ ಸಭೆಯಲ್ಲಿ ಕೈಗೆ ಬಂದ ಒಂದು ಸೂಕ್ಷ್ಮ ಸಂಸ್ಕಾರಕದ ವಿವರಪತ್ರವನ್ನು ಮನೆಗೊಯ್ದು ಓದಿದರು; ತಾವು ಹಿಂದೆ ಮಾಡಿದ್ದ ಕೆಲಸಗಳಿಗೆ ಇದನ್ನು ಜೋಡಿಸಬಹುದೆಂದು ಹೊಳೆಯಿತು. ತಯಾರಾದ ಯಂತ್ರವನ್ನು ಸಭೆಗಳಿಗೆ ತಂದು ಮೇಜಿನ ಮೇಲಿಟ್ಟು, ಅದರ ನಕ್ಷೆಯ ಪ್ರತಿಗಳನ್ನು ಕೇಳಿದವರಿಗೆಲ್ಲ ಉಚಿತವಾಗಿ ಕೊಟ್ಟರು. 1976ರಲ್ಲಿ ಮಾರಾಟಕ್ಕೆ ಬಂದ ‘ಆಪಲ್ 1’ ಅದೇ. ಭಾಷಣವೇ ಪ್ರಧಾನವಾದ ಸಂಘದಲ್ಲಿ ಇಂಥವರು ಹಿಂದಿನ ಬೆಂಚಿನಲ್ಲಿ ಕುಳಿತು ಹಾಗೆಯೇ ಎದ್ದುಹೋಗುತ್ತಿದ್ದರು. ವಸ್ತುವನ್ನು ತೋರಿಸಿದರೆ ಸಾಕು, ಮಾತು ತಾನಾಗಿ ಬರುತ್ತದೆ ಎಂಬ ಏರ್ಪಾಡಿದ್ದುದರಿಂದ ಅವರಿಗೂ ಅಲ್ಲೊಂದು ಸ್ಥಾನ ದೊರೆಯಿತು. ನಮ್ಮ ಕಾಲೇಜಿನಲ್ಲಿ ಹಳ್ಳಿಗಳಿಂದ ಬಂದು, ಮನೆಯಲ್ಲಿ ಮೊದಲ ಬಾರಿಗೆ ಪದವಿಯ ಮೆಟ್ಟಿಲು ಹತ್ತಿದ ನಮ್ಮಂಥವರಲ್ಲಿ ವೇದಿಕೆಯನ್ನು ಕಂಡರೆ ಕಾಲು ನಡುಗುವವರೇ ಹೆಚ್ಚು. ಆದಕಾರಣ ಈ ಅಂಶ ನನಗೆ ಮಿಕ್ಕೆಲ್ಲಕ್ಕಿಂತ ಮುಖ್ಯವಾಗಿ ಕಂಡಿತು.

ಸಂಘದಲ್ಲಿ ಒಳ್ಳೆಯದಷ್ಟೇ ಇತ್ತೆಂದು ಹೇಳುವುದು ಸರಿಯಲ್ಲ. ಹಂಚಿಕೊಳ್ಳುವ ಉತ್ಸಾಹದಲ್ಲಿ ಸದಸ್ಯರು ‘ಆಲ್ಟೇರ್ ಬೇಸಿಕ್’ ಎಂಬ ಕ್ರಮವಿಧಿಯ ಕಾಗದದ ಸುರುಳಿಯನ್ನೂ ಪ್ರತಿಮಾಡಿ ಹಂಚಿಬಿಟ್ಟರು. ಅದನ್ನು ಬರೆದವರಲ್ಲಿ ಒಬ್ಬರಾದ ಬಿಲ್ ಗೇಟ್ಸ್, ಆಗಿನ್ನೂ ಇಪ್ಪತ್ತರ ತರುಣ, 1976ರ ಫೆಬ್ರವರಿಯಲ್ಲಿ ಹವ್ಯಾಸಿಗಳಿಗೆ ಬಹಿರಂಗ ಪತ್ರ ಬರೆದು, ನೀವು ಮಾಡುತ್ತಿರುವುದು ಕಳವು ಎಂದು ಖಂಡಿಸಿದರು. ಇದಕ್ಕೆ ಸಂಘದವರಲ್ಲಿ ಹಲವರು ಸಿಟ್ಟಾದರು. ಅದೇ ಸಂಘದ ಟಾಮ್ ಪಿಟ್‌ಮನ್ ಮಾತ್ರ ಕೈಯಿಂದಲೇ ಉತ್ತರ ಕೊಟ್ಟರು: ತಾವೇ ಒಂದು ಚಿಕ್ಕ ಬೇಸಿಕ್ ಬರೆದು ಕೇವಲ 5 ಡಾಲರಿಗೆ ಮಾರಿದರು. ಬೆಲೆ ಅಷ್ಟು ಕಡಿಮೆಯಿದ್ದರೆ ಕದಿಯುವವರು ಯಾರು? ಪರರ ಶ್ರಮದ ವಸ್ತುವನ್ನು ಬಿಟ್ಟಿ ಪಡೆಯುವುದು ನ್ಯಾಯವೇ ಎಂಬ ಈ ವಾದ ಇಂದಿಗೂ ಮುಗಿದಿಲ್ಲ. ನಮ್ಮ ಫೋನುಗಳಲ್ಲಿ ಹರಿದಾಡುವ ಪುಸ್ತಕಗಳ, ಚಲನಚಿತ್ರಗಳ ಪ್ರತಿಗಳನ್ನು ನೆನೆದರೆ, ತತ್ವಶಾಸ್ತ್ರದ ವಿದ್ಯಾರ್ಥಿಗಳನ್ನೂ ಕರೆದು ಒಂದು ಸಂಜೆ ಪೂರ್ತಿ ಚರ್ಚಿಸಬಹುದಾದ ವಿಷಯವಿದು.

ಇನ್ನೊಂದು ಕೊರತೆ: ಅಲ್ಲಿ ಬಂದವರು ಹೆಚ್ಚುಕಡಿಮೆ ಎಲ್ಲರೂ ಗಂಡಸರು, ಬಹುಮಂದಿ ಸುತ್ತಮುತ್ತಲ ವಿದ್ಯುನ್ಮಾನ ಕಂಪನಿಗಳಲ್ಲಿ ಸಂಬಳ ಪಡೆಯುವವರು. ಬೇಕಾದ ಬಿಡಿಭಾಗ ಅವರ ಕೈಗೆಟಕುತ್ತಿತ್ತು. 1986ರ ಕೊನೆಯವರೆಗೆ ಆ ಸಂಘ ಬಾಳಿತು, ಅದರ ಸದಸ್ಯರು ಇಪ್ಪತ್ತಕ್ಕೂ ಮಿಕ್ಕು ಕಂಪನಿಗಳನ್ನು ಕಟ್ಟಿದರು ಎಂದು ಓದಿ ನಾವು ಹಿಗ್ಗುವುದಕ್ಕೆ ಮೊದಲು ಈ ವ್ಯತ್ಯಾಸವನ್ನು ಅರಿಯಬೇಕು. ಆ ಸಾಮಗ್ರಿ ನಮ್ಮಲ್ಲಿಲ್ಲ. ಅವರಿಂದ ನಾವು ತರಬಹುದಾದುದು ಆ ಕ್ರಮವೊಂದೇ: ಮೊದಲು ಇರುವುದನ್ನೂ ಬೇಕಾದುದನ್ನೂ ಕೇಳು, ಆಮೇಲೆ ತೋರಿಸು, ಆಮೇಲೆ ಬೆರೆಯಲು ಬಿಡು.

ಈ ಕ್ರಮ ಅಮೆರಿಕದವರ ಸ್ವತ್ತೆಂದೂ ನಾನು ತಿಳಿದಿಲ್ಲ. ನಮ್ಮ ತಂದೆಯವರು ಪಂಪ್‌ಸೆಟ್ಟಿನ ಮೋಟಾರುಗಳಿಗೆ ತಂತಿ ಸುತ್ತುವವರು. ಅವರು ಶಾಲೆಯಲ್ಲಿ ಕಲಿತದ್ದು ಐದನೆಯ ತರಗತಿಯವರೆಗೆ. ಬೇಸಿಗೆಯಲ್ಲಿ ಸುಟ್ಟ ಮೋಟಾರುಗಳು ಅಂಗಡಿಯ ಮುಂದೆ ಸಾಲುಗಟ್ಟಿದಾಗ, ತಂದ ರೈತರೂ ಪಕ್ಕದ ಲೇತಿನವನೂ ಲೈನ್‌ಮನ್ನನೂ ಸುತ್ತ ಕುಳಿತುಬಿಡುತ್ತಾರೆ. ಇಂದಿನ ವಿಷಯ ಇಂಥದು ಎಂದು ಅಲ್ಲಿ ಯಾರೂ ಸಾರುವುದಿಲ್ಲ. ಮೋಟಾರನ್ನು ಬಿಚ್ಚಿದೊಡನೆ ವಿಷಯ ಕಾಣುತ್ತದೆ. ಸುಟ್ಟದ್ದು ಒಂದು ಫೇಸು ಹೋದದ್ದರಿಂದಲೋ, ವೋಲ್ಟೇಜು ಕಡಿಮೆಯಾದದ್ದರಿಂದಲೋ, ಬೇರಿಂಗು ಹಿಡಿದದ್ದರಿಂದಲೋ ಎಂದು ವಾದ ಹತ್ತುತ್ತದೆ. ಸುರುಳಿಯ ಕರಕಲು ಎಲ್ಲಿದೆಯೆಂಬುದೇ ಅದಕ್ಕೆ ಸಾಕ್ಷಿ. ಹಳೆಯ ತಂತಿಯನ್ನು ಕಿತ್ತುಹಾಕುವ ಮೊದಲು ಅಪ್ಪ ಸುತ್ತುಗಳನ್ನು ಎಣಿಸಿ, ತಂತಿಯ ಗೇಜು ನೋಡಿ, ರಟ್ಟು ಕಿತ್ತ ಒಂದು ನೋಟ್‌ಪುಸ್ತಕದಲ್ಲಿ ಬರೆದಿಡುತ್ತಾರೆ. ಮತ್ತೆ ಅದೇ ಜಾತಿಯ ಮೋಟಾರು ಬಂದಾಗ ಎಣಿಸುವ ಕೆಲಸವಿಲ್ಲ. ಆ ಪುಸ್ತಕ ಅಂಗಡಿಯ ಬಂಡವಾಳ. ಫ್ರೆಡ್ ಮೂರ್ ಅವರ ವಾರ್ತಾಪತ್ರದ ವಿಚಾರ ಓದುವಾಗ ನನಗೆ ಥಟ್ಟನೆ ಹೊಳೆದದ್ದು ಈ ಪುಸ್ತಕವೇ. ಸಂಘಕ್ಕೆ ಇಂಥದೊಂದಿಲ್ಲದಿದ್ದರೆ, ಪ್ರತಿವರ್ಷ ಹೊಸದಾಗಿ ಬರುವ ಕಾರ್ಯದರ್ಶಿ ಮತ್ತೆ ಮೊದಲಿನಿಂದ ಸುತ್ತು ಎಣಿಸಬೇಕಾಗುತ್ತದೆ.

ಇನ್ನು ನಮ್ಮಲ್ಲಿ ವಿಷಯಗಳನ್ನು ಹೇಗೆ ಆರಿಸುತ್ತೇವೆಂಬುದನ್ನು ನೋಡೋಣ. ಪತ್ರಿಕೆಗಳಲ್ಲಿ ದೊಡ್ಡದಾಗಿ ಕಾಣುವುದನ್ನೇ ಎತ್ತಿಕೊಳ್ಳುವುದು ರೂಢಿ. ‘ಕೃತಕ ಬುದ್ಧಿಮತ್ತೆ ಮತ್ತು ಮಾನವ ಕುಲದ ಭವಿಷ್ಯ’ ಎಂದರೆ ಫಲಕದ ಮೇಲೆ ಚೆನ್ನಾಗಿ ಕಾಣುತ್ತದೆ, ಭಾಷಣಕಾರರೂ ಸಿಕ್ಕುತ್ತಾರೆ. ಆದರೆ ಕೇಳಿದವನು ಕೇಳಬಹುದಾದ ಪ್ರಶ್ನೆ ಯಾವುದು? ಮನೆಗೆ ಹೋಗಿ ಮಾಡಿ ನೋಡಬಹುದಾದ ಕೆಲಸ ಯಾವುದು? ಒಂದೂ ಇಲ್ಲ. ಅದೇ ವಿಷಯವನ್ನು ನೆಲಕ್ಕಿಳಿಸಿ ನೋಡಿ. ಫೋನಿನೊಡನೆ ಕನ್ನಡದಲ್ಲಿ ಮಾತನಾಡಿದರೆ ಅದು ಮಾತನ್ನು ಬರಹಕ್ಕಿಳಿಸುತ್ತದೆಯಷ್ಟೆ. ಹತ್ತು ವಾಕ್ಯಗಳನ್ನು ಗೊತ್ತುಮಾಡಿಕೊಂಡು, ಪ್ರತಿಯೊಬ್ಬ ಸದಸ್ಯನೂ ಅವನ್ನು ಪುಸ್ತಕದ ಕನ್ನಡದಲ್ಲಿ ಒಮ್ಮೆ, ತನ್ನ ಊರಿನ ಆಡುಮಾತಿನಲ್ಲಿ ಒಮ್ಮೆ ಹೇಳಲಿ. ಯಂತ್ರ ಎಲ್ಲೆಲ್ಲಿ ತಪ್ಪಿತು, ಯಾವ ವಿಭಕ್ತಿ ಪ್ರತ್ಯಯವನ್ನು ನುಂಗಿತು, ಹಕಾರವನ್ನು ಅಕಾರ ಮಾಡಿದವರ ಮಾತು ಅದಕ್ಕೆ ತಿಳಿಯಿತೇ, ಧಾರವಾಡದ ಕಡೆಯವರ ಮಾತಿಗೂ ಕರಾವಳಿಯವರ ಮಾತಿಗೂ ಅದು ಒಂದೇ ಮರ್ಯಾದೆ ಕೊಟ್ಟಿತೇ ಎಂಬುದನ್ನು ಕರಿಹಲಗೆಯ ಮೇಲೆ ಪಟ್ಟಿಮಾಡಿ ಎಣಿಸಬಹುದು. ಈ ಕೆಲಸಕ್ಕೆ ಇಂಜಿನಿಯರರಿಗಿಂತ ಭಾಷಾಶಾಸ್ತ್ರ ಓದಿದ ನಮ್ಮ ಕನ್ನಡ ಐಚ್ಛಿಕದವರೇ ತಕ್ಕವರು. ಭವಿಷ್ಯದ ಮಾತು ಅಲ್ಲಿಂದ ತಾನಾಗಿಯೇ ಏಳುತ್ತದೆ: ಯಾರ ಮಾತನ್ನು ಯಂತ್ರ ಅರಿಯದೋ, ಅವರು ಮುಂದೆ ಯಾವ ಕಚೇರಿಯ ಕಿಟಕಿಯ ಮುಂದೆ ನಿಲ್ಲಬೇಕಾದೀತು?

ಹಣವಿಲ್ಲವೆಂಬುದು ಇನ್ನೊಂದು ದೂರು. ಅದಕ್ಕೆ ಹವ್ಯಾಸಿ ರೇಡಿಯೋ ಬಳಗದವರಿಂದ ಕಲಿಯಬಹುದಾದುದಿದೆ. ಅವರ ಆಟಗಳಲ್ಲಿ ‘ನರಿಬೇಟೆ’ ಎಂಬುದೊಂದು. ಕ್ಷೀಣಶಕ್ತಿಯ ಪ್ರೇಷಕವನ್ನು ಪೊದೆಯಲ್ಲೋ ಬಂಡೆಯ ಮರೆಯಲ್ಲೋ ಅಡಗಿಸಿಡುತ್ತಾರೆ. ಉಳಿದವರು ದಿಕ್ಕನ್ನು ತೋರುವ ಆಂಟೆನಾ ಹಿಡಿದು ಅದನ್ನು ಹುಡುಕಬೇಕು. ಉಕ್ಕಿನ ಅಳತೆಪಟ್ಟಿಯ ತುಂಡುಗಳನ್ನು ಪಿ.ವಿ.ಸಿ. ಕೊಳವೆಗೆ ಬಿಗಿದು ಈ ಆಂಟೆನಾವನ್ನು ಮಾಡಿಕೊಳ್ಳುವವರಿದ್ದಾರೆ. ಅಮೆರಿಕದ ರೇಡಿಯೋ ಹವ್ಯಾಸಿಗಳು 1933ರಿಂದ ಪ್ರತಿ ಜೂನಿನಲ್ಲಿ ಬಯಲಲ್ಲಿ ಡೇರೆ ಹೂಡಿ, ಊರಿನ ವಿದ್ಯುತ್ತನ್ನು ಮುಟ್ಟದೆ ಅಹೋರಾತ್ರಿ ಸಂಪರ್ಕ ನಡೆಸುವ ‘ಫೀಲ್ಡ್ ಡೇ’ಯನ್ನು ಆಚರಿಸುತ್ತ ಬಂದಿದ್ದಾರೆ, ಆಟವೂ ಹೌದು, ನೆರೆ ಭೂಕಂಪಗಳ ಕಾಲಕ್ಕೆ ಅಭ್ಯಾಸವೂ ಹೌದು. ನಮ್ಮ ದೇಶದಲ್ಲಿ ಪ್ರಸಾರ ಮಾಡಬೇಕಾದರೆ ಕೇಂದ್ರ ಸರ್ಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪರವಾನಗಿ ಪಡೆಯಬೇಕು. ಪರವಾನಗಿಯುಳ್ಳವರು ಒಬ್ಬರಾದರೂ ಜೊತೆಗಿಲ್ಲದೆ ಪ್ರೇಷಕವನ್ನು ಅಡಗಿಸುವ ಆಟಕ್ಕೆ ಕೈಹಾಕಬಾರದು.

ಹಾಗೆಂದು ಸುಮ್ಮನೆ ಕೂರಬೇಕಾದ್ದಿಲ್ಲ. ಮನೆಯ ಅಟ್ಟದ ಮೇಲಿರುವ ಹಳೆಯ ಟ್ರಾನ್ಸಿಸ್ಟರನ್ನು ಇಳಿಸಿ ಮಧ್ಯಮ ತರಂಗಕ್ಕೆ ತಿರುಗಿಸಿ. ಅದರೊಳಗೆ ಬೆರಳುದ್ದದ ಕಪ್ಪು ಫೆರೈಟ್ ಸರಳಿಗೆ ತಂತಿ ಸುತ್ತಿರುತ್ತದೆ, ಅದೇ ಆಂಟೆನಾ. ಯಾವುದಾದರೊಂದು ಕೇಂದ್ರವನ್ನು ಹಿಡಿದು ಪೆಟ್ಟಿಗೆಯನ್ನು ನಿಧಾನವಾಗಿ ಸುತ್ತ ತಿರುಗಿಸುತ್ತ ಬಂದರೆ ಒಂದು ನಿಲುವಿನಲ್ಲಿ ದನಿ ಕುಗ್ಗಿಹೋಗುತ್ತದೆ. ಸರಳಿನ ತುದಿ ಕೇಂದ್ರದ ಕಡೆಗೆ ನೆಟ್ಟಗಾದಾಗ ಹಾಗಾಗುತ್ತದೆ. ಆ ದಿಕ್ಕನ್ನು ದಿಕ್ಸೂಚಿಯಿಂದ ಅಳೆದು ನಕ್ಷೆಯ ಮೇಲೆ ಗೆರೆ ಎಳೆಯಬೇಕು. ಕೇಂದ್ರ ಗೆರೆಯ ಮುಂದಿದೆಯೋ ಹಿಂದಿದೆಯೋ ಒಂದೇ ಅಳತೆಯಿಂದ ತಿಳಿಯದು. ಬೇರೆ ಬೇರೆ ಊರುಗಳಿಂದ ಬರುವ ಮೂವರು ತಮ್ಮ ತಮ್ಮ ಮನೆಯಂಗಳದಲ್ಲಿ ಅಳೆದು ತಂದರೆ, ಮೂರು ಗೆರೆಗಳು ಕೂಡುವ ಕಡೆ ಕೇಂದ್ರದ ಗೋಪುರ! ಗೆರೆಗಳು ಒಂದೇ ಬಿಂದುವಿನಲ್ಲಿ ಕೂಡದೆ ಚಿಕ್ಕ ತ್ರಿಕೋನವಾಗುವುದೇ ಹೆಚ್ಚು. ಆ ತ್ರಿಕೋನ ಎಷ್ಟು ದೊಡ್ಡದೋ ನಮ್ಮ ಅಳತೆ ಅಷ್ಟು ಒರಟು. ಭೂಗೋಳದವರಿಗೆ ಇದಕ್ಕಿಂತ ಒಳ್ಳೆಯ ಪ್ರಾಯೋಗಿಕ ಪಾಠ ಬೇಕೇ? ಅಗ್ಗದ ಎಲ್.ಇ.ಡಿ. ಬಲ್ಬುಗಳೂ ಫೋನಿನ ಚಾರ್ಜರುಗಳೂ ಈ ತರಂಗದಲ್ಲಿ ಗೊರಗುಟ್ಟುವುದನ್ನು ಬಳಸಿಕೊಂಡು ಇನ್ನೊಂದು ಆಟ ಹೂಡಬಹುದು: ಅಂಥದೊಂದು ಬಲ್ಬನ್ನು ಹಳೆಯ ಕಟ್ಟಡದ ಯಾವುದೋ ಕೊಠಡಿಯಲ್ಲಿ ಉರಿಸಿಟ್ಟು, ಟ್ರಾನ್ಸಿಸ್ಟರ್ ಹಿಡಿದವರನ್ನು ಹುಡುಕಲು ಬಿಡುವುದು. ಪರವಾನಗಿ ಬೇಡದ ನರಿ ಇದು. ಡಾಂಪಿಯರ್ ಕಿವಿಗೆ ಅಂದು ಬಿದ್ದದ್ದೂ ಇದೇ ಜಾತಿಯ ಗೊರಗು.

ಮೂರನೆಯ ಬಗೆಯ ಕೆಲಸ ಊರಿಗೆ ಸೇರಿದ್ದು. 2004ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ‘ಓಪನ್ ಸ್ಟ್ರೀಟ್ ಮ್ಯಾಪ್’ ಎಂಬ ಸಾರ್ವಜನಿಕ ನಕ್ಷೆಗೆ ಯಾರು ಬೇಕಾದರೂ ತಮ್ಮ ಊರನ್ನು ಸೇರಿಸಬಹುದು. ನಮ್ಮ ಹಳ್ಳಿಗಳ ಕಟ್ಟೆ, ಕೆರೆಯ ತೂಬು, ಸಂತೆಮಾಳ, ಬಂಡಿದಾರಿಗಳ ಹೆಸರುಗಳು ಅಂಥ ನಕ್ಷೆಗಳಲ್ಲಿ ಹಲವೆಡೆ ಇಲ್ಲವೇ ಇಲ್ಲ. ಅವನ್ನು ಕನ್ನಡ ಲಿಪಿಯಲ್ಲೇ ತುಂಬಬಹುದು. ಹಿರಿಯರನ್ನು ಕೇಳಿ ಹೆಸರು ಕೂಡಿಸುವುದು ಜಾನಪದದವರ ಕೆಲಸ, ಅಳೆಯುವುದು ಭೂಗೋಳದವರದು, ಕಾಗುಣಿತ ನೋಡುವುದು ಕನ್ನಡದವರದು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ನಮ್ಮ ತಾಲೂಕಿನ ಶಾಸನಗಳ, ಜಾತ್ರೆಗಳ ವಿಚಾರ ಬರೆಯುವುದೂ ಈ ಬಗೆಯದೇ. ಒಂದೇ ಎಚ್ಚರಿಕೆ: ಸ್ಥಳಪುರಾಣವನ್ನು ಇತಿಹಾಸವೆಂದು ಬರೆದರೆ ದೂರದ ಯಾರೋ ಬಂದು ಅಳಿಸುತ್ತಾರೆ, ಮತ್ತು ಅದು ಸರಿ.

ಇನ್ನು ಸಣ್ಣಪುಟ್ಟ ವಿಚಾರಗಳು. ಸಭೆ ಮಧ್ಯಾಹ್ನ 2 ಗಂಟೆಗೆ ಆರಂಭವಾಗಿ 3.30ಕ್ಕೆ ಮುಗಿಯಲೇಬೇಕು. ಸಂಜೆಯ ಬಸ್ಸು ತಪ್ಪಿದರೆ ಹಳ್ಳಿಯ ವಿದ್ಯಾರ್ಥಿನಿಯರಿಗೆ ಮುಂದಿನ ಸಭೆಗೆ ಮನೆಯಿಂದ ಅಪ್ಪಣೆ ಸಿಕ್ಕದು. ವಿಷಯ ಎಷ್ಟೇ ಸೊಗಸಾಗಿದ್ದರೂ ವೇಳೆ ತಪ್ಪಾದರೆ ಅರ್ಧ ಸಂಘ ಹೊರಗುಳಿಯುತ್ತದೆ. ಹೊರಗಿನಿಂದ ಭಾಷಣಕಾರರನ್ನು ಕರೆಯಲೇಬಾರದೆಂದು ನಾನು ಹೇಳುವುದಿಲ್ಲ. ವರ್ಷಕ್ಕೆ ಎರಡು ಸಲ ಕರೆಯಬಹುದು. ಆದರೆ ಸದಸ್ಯರು ತೊಡಕಿಕೊಂಡ ಪ್ರಶ್ನೆಗಳ ಪಟ್ಟಿಯನ್ನು ಅವರಿಗೆ ಮುಂಚಿತವಾಗಿ ಕಳುಹಿಸಿ, ಅವಕ್ಕೆ ಉತ್ತರ ಹೇಳಬಲ್ಲವರನ್ನೇ ಕರೆಯಬೇಕು. ಪೇಟೆಯ ಮೊಬೈಲ್ ರಿಪೇರಿ ಅಂಗಡಿಯವರೂ ಆ ಲೆಕ್ಕದಲ್ಲಿ ವಿದ್ವಾಂಸರೇ. ಮಾಡಿ ಮುಗಿಸಿದ್ದನ್ನು ಮಾತ್ರ ತರಬೇಕೆಂಬ ಕಟ್ಟಳೆ ಎಂದಿಗೂ ಬೇಡ. ಅರ್ಧಕ್ಕೆ ನಿಂತದ್ದು, ಹೊಗೆ ಬಂದದ್ದು, ಏಕೆ ನಡೆಯುವುದಿಲ್ಲವೆಂದು ತಿಳಿಯದ್ದು ಮೇಜಿನ ಮೇಲೆ ಬಂದಷ್ಟೂ ಒಳ್ಳೆಯದು. 230 ವೋಲ್ಟಿನ ಕೆಲಸ ಮಾತ್ರ ಅಧ್ಯಾಪಕರ ಇದಿರಿನಲ್ಲಿಯೇ ನಡೆಯತಕ್ಕದ್ದು.

ಜೂನಿನಲ್ಲಿ ಹೊಸ ಕಾರ್ಯದರ್ಶಿ ಬಂದಾಗ ಮೊದಲ ಸಭೆಗೆ ವಿಷಯವೇ ಬೇಡವೆಂಬುದು ನನ್ನ ಸಲಹೆ. ನೂರು ಪುಟದ ಒಂದು ನೋಟ್‌ಪುಸ್ತಕ ಸಾಕು. ಎಡಪುಟದಲ್ಲಿ ‘ನನ್ನಲ್ಲಿದೆ’, ಬಲಪುಟದಲ್ಲಿ ‘ನನಗೆ ಬೇಕು’. ಕೆಟ್ಟ ಫೋನು, ಅಣ್ಣನ ಹಳೆಯ ಲ್ಯಾಪ್‌ಟಾಪು, ಬೆಸುಗೆ ಹಾಕಲು ಬರುತ್ತದೆ, ನುಡಿ ಬೆರಳಚ್ಚು ವೇಗವಾಗಿ ಬರುತ್ತದೆ ಎಂಬಿವೆಲ್ಲ ಎಡಕ್ಕೆ. ಅಜ್ಜಿಯ ಸೋಬಾನೆ ಹಾಡುಗಳನ್ನು ಸ್ಪಷ್ಟವಾಗಿ ಧ್ವನಿಮುದ್ರಿಸಬೇಕು, ಹೊಲದ ಮೋಟಾರು ನಡೆಯುತ್ತಿದೆಯೋ ಇಲ್ಲವೋ ಮನೆಯಿಂದಲೇ ತಿಳಿಯಬೇಕು ಎಂಬಿವು ಬಲಕ್ಕೆ. ಒಬ್ಬೊಬ್ಬರಿಗೆ ಒಂದೊಂದು ನಿಮಿಷ, ನಿಂತು ಮಾತನಾಡಲು ಸಂಕೋಚವಾದವರು ಬರೆದುಕೊಡಲಿ. ಎಡದ್ದೂ ಬಲದ್ದೂ ಒಂದಕ್ಕೊಂದು ಎದುರಾಗಿ ಕುಳಿತ ಸಾಲುಗಳನ್ನು ಗುರುತು ಹಾಕಿ, ಆ ಜೋಡಿಗಳ ಹೆಸರನ್ನು ಮಾರನೆಯ ದಿನ ಸೂಚನಾ ಫಲಕಕ್ಕೆ ಹಚ್ಚಿದರೆ ಎರಡನೆಯ ಸಭೆಯ ವಿಷಯ ಸಿದ್ಧವಾಯಿತು. ಆ ಪುಸ್ತಕವನ್ನು ಕಾರ್ಯದರ್ಶಿಯ ಚೀಲದಲ್ಲಿಡದೆ ಗ್ರಂಥಾಲಯದ ಮೇಜಿನ ಮೇಲಿಟ್ಟರೆ, ಸಭೆಗೆ ಬಾರದವರೂ ಬಂದು ಒಂದು ಸಾಲು ಬರೆದುಹೋಗಬಹುದು.